ಕುದಿನೀರಿಗೆ ಬಿದ್ದ ಹಲ್ಲಿನ ಅಚ್ಚು

ನನ್ನ ಮುಂದಿನ ಹಲ್ಲು ವಾಲಿದ್ದು ಕುರಿಗಳಿಂದ. ನಾನು ವಿಜಯಪುರದಿಂದ ಟಿಕೋಟಾ ಮೇಲೆ ಕಳ್ಳಕವಟಗಿಗೆ ಹೋಗುವ ಬಸ್ಸಿನ ಕಂಡಕ್ಟರ್. ಕೆಲವು ವಾರ ಬಬಲೇಶ್ವರದ ದಾರಿಗೂ ಹಾಕುತ್ತಾರೆ. ಅಂದು ಟಿಕೋಟಾ ದಾಟಿದ ಮೇಲೆ ಒಂದು ತಿರುವಿನಲ್ಲಿ ಕುರಿಹಿಂಡು ಒಮ್ಮೆಲೇ ರಸ್ತೆಗಿಳಿಯಿತು. ಡ್ರೈವರಣ್ಣ ಬ್ರೇಕ್ ಒತ್ತಿದರು. ಟಿಕೆಟ್ ಯಂತ್ರದ ಮೇಲೆ ಕಣ್ಣಿಟ್ಟು ನಿಂತಿದ್ದ ನಾನು ಹೋಗಿ ಸೀಟಿನ ಹಿಂದಿನ ಕಬ್ಬಿಣದ ಸರಳಿಗೆ ಬಾಯಿ ಬಡಿದುಕೊಂಡೆ. ಕುರಿಗಳ ಒಂದು ಕೂದಲೂ ಕೊಂಕಲಿಲ್ಲ. ನನ್ನ ಮೇಲ್ಸಾಲಿನ ಹಲ್ಲೊಂದು ಒಳಕ್ಕೆ ವಾಲಿ, ನಾಲಿಗೆ ತಾಗಿದರೂ ಅಲುಗಾಡತೊಡಗಿತು.

ನನ್ನ ಅತ್ತೆಯ ತವರು ಅದೇ ಕಡೆಯದು, ಕುರಿ ಸಾಕುವ ಮನೆತನ. ಮನೆಗೆ ಬಂದವಳೇ ರಕ್ತದ ಕರವಸ್ತ್ರ ತೋರಿಸಿ, ನಿಮ್ಮ ತವರಿನ ಕುರಿಗಳೇ ಇರಬೇಕು ಅಂದೆ. ನಮ್ಮವು ಹಾಗೆ ಅಡ್ಡ ಬರುವ ಪೈಕಿ ಅಲ್ಲ ಎಂದು ಅವರು ಮೊದಲು ಕುರಿಗಳ ಮರ್ಯಾದೆ ಕಾಪಾಡಿದರು, ಆಮೇಲೆ ನನ್ನ ತುಟಿಗೆ ಅರಿಶಿನ ಒತ್ತಿದರು.

ಊರಿನ ದಂತವೈದ್ಯೆಯೊಬ್ಬರು ಆ ಹಲ್ಲನ್ನು ಅಕ್ಕಪಕ್ಕದ ಹಲ್ಲುಗಳಿಗೆ ಬಿಗಿದು ಕೆಲವು ವಾರ ಕಾದರು. ಹಲ್ಲು ಉಳಿಯಿತು. ಆದರೆ ಸರಿಯಾದ ಜಾಗದಲ್ಲಿ ಉಳಿಯಲಿಲ್ಲ. ಬಾಯಿ ಮುಚ್ಚಿದಾಗಲೆಲ್ಲ ಕೆಳಗಿನ ಹಲ್ಲು ಬಂದು ಅದಕ್ಕೆ ಗುದ್ದುತ್ತಿತ್ತು. ಹೀಗೇ ಬಿಟ್ಟರೆ ಇನ್ನು ಕೆಲವೇ ವರ್ಷಗಳಲ್ಲಿ ಆ ಹಲ್ಲು ಕೈಗೆ ಬರುತ್ತದೆ, ಸಾಲು ನೆಟ್ಟಗೆ ಮಾಡಿಸಿಕೊಂಡರೆ ಮಾತ್ರ ನಿಲ್ಲುತ್ತದೆ ಅಂದರು ಡಾಕ್ಟರಮ್ಮ. ತಂತಿ ಹಾಕಬಹುದಿತ್ತು. ಆದರೆ ಕುಲುಕುವ ಬಸ್ಸಿನಲ್ಲಿ ದಿನವಿಡೀ ನಿಲ್ಲುವವಳ ಬಾಯಲ್ಲಿ ತಂತಿ ಅಂದರೆ ತುಟಿಯ ಒಳಗೆ ಬ್ಲೇಡು ಇಟ್ಟುಕೊಂಡ ಹಾಗೆ. ಇನ್ನೊಂದು ದಾರಿ ಅಲೈನರ್. ಹಲ್ಲಿನ ಅಳತೆ ತೆಗೆದು ಮಾಡಿದ ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಅಚ್ಚು. ಮೇಲಿನ ಸಾಲಿಗೊಂದು, ಕೆಳಗಿನ ಸಾಲಿಗೊಂದು. ಹಗಲು ರಾತ್ರಿ ತೊಟ್ಟಿರಬೇಕು, ಉಣ್ಣುವಾಗ ಮತ್ತು ಹಲ್ಲು ತಿಕ್ಕುವಾಗ ಮಾತ್ರ ತೆಗೆಯಬೇಕು. ಎರಡು ವಾರಕ್ಕೊಮ್ಮೆ ಹಳೆಯದನ್ನು ಬಿಟ್ಟು ಮುಂದಿನದನ್ನು ತೊಡಬೇಕು. ಒಂದೊಂದು ಅಚ್ಚೂ ಹಲ್ಲನ್ನು ಕೂದಲೆಳೆಯಷ್ಟು ಸರಿಸುತ್ತದೆ.

ಅಂಗಳಕ್ಕೆ ಫರಸಿ ಕಲ್ಲಿನ ನೆಲ ಹಾಕಿಸಲು ಎತ್ತಿಟ್ಟಿದ್ದ ದುಡ್ಡು ಹೀಗೆ ನನ್ನ ಬಾಯಿಗೆ ಹೋಯಿತು. ಗಂಡ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುವವರು. ಹಲ್ಲು ಮೊದಲು, ಅಂಗಳ ಆಮೇಲೆ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಅತ್ತೆಗೆ ಮಾತ್ರ ಲೆಕ್ಕ ಹತ್ತಲಿಲ್ಲ. ಫರಸಿಯಾದರೆ ಬಂದವರ ಕಣ್ಣಿಗೆ ಬೀಳುತ್ತಿತ್ತು, ಇದು ಬಾಯಲ್ಲಿ ಇದ್ದರೂ ಯಾರಿಗೂ ಕಾಣುವುದಿಲ್ಲವಲ್ಲ, ಕಾಣದ್ದಕ್ಕೆ ಅಷ್ಟು ಸುರಿಯುವುದೇ ಎಂಬುದು ಅವರ ತಕರಾರು. ಅಥಣಿ ರಸ್ತೆಯ ನಮ್ಮ ಬಡಾವಣೆಯಲ್ಲಿ ಆ ವರ್ಷ ಫರಸಿ ಇಲ್ಲದ ಅಂಗಳ ನಮ್ಮದೊಂದೇ ಉಳಿದಿತ್ತು. ಅವರ ಸಂಕಟ ನನಗೂ ಅರ್ಥವಾಗುತ್ತಿತ್ತು. ಆದರೆ ಮುಂದಿನ ಹಲ್ಲಿಲ್ಲದ ಬಾಯಲ್ಲಿ ನಿಲ್ದಾಣಗಳ ಹೆಸರು ಕೂಗಬೇಕಾದವಳು ನಾನು.

ಮೊದಲ ದಿನವೇ ದವಾಖಾನೆಯಲ್ಲಿ ಅಚ್ಚು ತೊಳೆಯುವ ಗುಳಿಗೆಗಳ ಡಬ್ಬಿ ತೋರಿಸಿದರು. ನೀರಲ್ಲಿ ಹಾಕಿದರೆ ನೊರೆ ಬಂದು ತಾನೇ ಸ್ವಚ್ಛ ಮಾಡುತ್ತದಂತೆ. ಬೆಲೆ ಕೇಳಿ ಡಬ್ಬಿಯನ್ನು ಅಲ್ಲೇ ಇಟ್ಟೆ. ಇದಿಲ್ಲದೆ ಆಗುವುದಿಲ್ಲವೇ ಎಂದು ನೇರವಾಗಿ ಕೇಳಿದೆ. ಡಾಕ್ಟರಮ್ಮ ನಕ್ಕು, ಆಗುತ್ತದೆ ಅಂದರು. ತಣ್ಣೀರು, ಚಿಕ್ಕ ಮಕ್ಕಳ ಮೆತ್ತನೆ ಬ್ರಶ್, ಬಣ್ಣ ವಾಸನೆ ಇಲ್ಲದ ಸೋಪಿನ ನೀರು ಒಂದು ಹನಿ. ಟೂತ್‌ಪೇಸ್ಟ್ ಬೇಡ, ಅದು ಗೀರು ಮಾಡುತ್ತದೆ, ಗೀರಿನಲ್ಲಿ ಹೊಲಸು ಕೂರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಬಿಸಿನೀರು ಬೇಡ, ಅಚ್ಚು ಆಕಾರ ಕೆಟ್ಟರೆ ಮುಗಿಯಿತು. ಮನೆಗೆ ಬಂದು ಇದನ್ನೆಲ್ಲ ಹೇಳಿದೆ. ಅತ್ತೆ ಆ ಮಾತು ಶುರುವಾದ ಕೂಡಲೇ ಎದ್ದು ರೊಟ್ಟಿ ಬಡಿಯಲು ಹೋಗಿದ್ದರು.

ಅವರಿಗೆ ಅದು ಎಂಜಲ ವಸ್ತು. ಬಾಯಿಂದ ಹೊರಗೆ ಬಂದದ್ದು ಅಡಿಗೆಮನೆಯ ನಲ್ಲಿಯ ಕೆಳಗೆ ಹೋಗುವಂತಿಲ್ಲ. ಕುಡಿಯುವ ನೀರಿನ ಕೊಡದ ಹತ್ತಿರ ಸುಳಿಯುವಂತಿಲ್ಲ. ಬಚ್ಚಲಲ್ಲಿ ತೊಳೆದರೆ ಮೈ ತೊಳೆಯುವ ಜಾಗ ಎಂಜಲಾಯಿತು. ಮುಸುರೆ ತಿಕ್ಕುವ ಕಟ್ಟೆಯಲ್ಲಿ ಅವರಿಗೆ ಅಭ್ಯಂತರವಿರಲಿಲ್ಲ, ಅಲ್ಲಿ ಬೂದಿ, ಜಿಡ್ಡು ಎಂದು ನನಗಿತ್ತು. ಕೊನೆಗೆ ಹಿತ್ತಲಿನ ದಾಸವಾಳದ ಗಿಡದ ಬುಡ ನನಗೆ ಸಿಕ್ಕಿತು. ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು, ಬ್ರಶ್ಶು, ಸೋಪಿನ ಬಾಟಲಿ ಹಿಡಿದು ಅಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ನೋಡಿ, ಏನು ಪೂಜೆ ಎಂದು ಕೇಳುತ್ತಿದ್ದರು. ಹಲ್ಲಿನ ಪೂಜೆ ಎನ್ನುತ್ತಿದ್ದೆ.

ಡ್ಯೂಟಿಯ ಮೇಲೆ ಕಷ್ಟ ಬೇರೆ ಥರ. ಕಂಡಕ್ಟರಿನ ಕೈ ಊರ ಕೈಯೆಲ್ಲ ಮುಟ್ಟಿದ ನೋಟು ಮುಟ್ಟುವ ಕೈ. ಆ ಬೆರಳನ್ನು ಬಾಯಿಗೆ ಹಾಕಿ ಅಚ್ಚು ತೆಗೆಯುವಂತಿಲ್ಲ. ಚೀಲದಲ್ಲಿ ನೀರಿನ ಬಾಟಲಿ, ಸೋಪಿನ ತುಂಡು, ಮುಚ್ಚಳದಲ್ಲಿ ತೂತಿರುವ ಚಿಕ್ಕ ಡಬ್ಬಿ. ಉಣ್ಣುವ ಮೊದಲು ಕೈ, ಉಂಡ ಮೇಲೆ ಬಾಯಿ, ಆಮೇಲೆ ಅಚ್ಚು. ಚಹಾ ಬಿಟ್ಟೆ. ಈ ಸೀಮೆಯಲ್ಲಿ ಚಹಾ ಬೇಡ ಅಂದರೆ ಮುನಿಸಿಕೊಂಡಿದ್ದಾಳೆ ಅಂತಲೇ ಲೆಕ್ಕ. ಕಳ್ಳಕವಟಗಿಯ ಹೋಟೆಲಿನವರು ಒಂದು ವಾರ ನನ್ನ ಮುಖ ನೋಡಿ ಮಾತಾಡಲಿಲ್ಲ. ಅಚ್ಚು ತೊಟ್ಟು ಚಹಾ ಕುಡಿದರೆ ಅದು ಕಂದುಗಟ್ಟುತ್ತದೆ, ಬಿಸಿಗೆ ಬಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರಿಂದ ನಾನೂ ಸೋಲಲಿಲ್ಲ. ಸೀಟಿ ಊದುವಾಗ ಹಲ್ಲಿನಿಂದ ಕಚ್ಚುವ ರೂಢಿ ಬಿಟ್ಟು ತುಟಿಯಲ್ಲೇ ಹಿಡಿಯಲು ಕಲಿತೆ. ಮೊದಮೊದಲು ಅದರಿಂದ ಬರೀ ಗಾಳಿ ಬರುತ್ತಿತ್ತು, ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ ನಗುತ್ತಿದ್ದರು.

ಇಷ್ಟೆಲ್ಲ ಮಾಡಿದರೂ ಮೊದಲ ಅಚ್ಚುಗಳ ಮೇಲೆ ಬಿಳಿ ಪೊರೆ ಕಟ್ಟಿತು. ನಮ್ಮ ಬೋರಿನ ನೀರು ಸವಳು. ಕೊಡದ ಅಂಚಿನಲ್ಲಿ, ನಲ್ಲಿಯ ಮೂತಿಯಲ್ಲಿ, ನೀರು ಕಾಯಿಸುವ ಹಂಡೆಯಲ್ಲಿ ಕೂರುವ ಬಿಳಿ ಸವಳೇ ನನ್ನ ಅಚ್ಚಿನ ಮೇಲೂ ಕೂತಿತ್ತು. ಡಾಕ್ಟರಮ್ಮನ ಒಪ್ಪಿಗೆ ಪಡೆದು ಗಾಂಧಿ ಚೌಕದ ಕಿರಾಣಿ ಅಂಗಡಿಯಲ್ಲಿ ಬಿಳಿ ವಿನೆಗರ್ ಕೊಂಡೆ. ಗೋಬಿ ಮಂಚೂರಿಯವರು ಹಾಕುತ್ತಾರಲ್ಲ, ಅದೇ. ಅಂಗಡಿಯವರು, ಡ್ಯೂಟಿ ಬಿಟ್ಟು ಗೋಬಿ ಗಾಡಿ ಹಾಕುತ್ತೀರೇನು ಎಂದು ಕೇಳಿದರು. ಅದಕ್ಕೆ ಹೆಚ್ಚು ನೀರು ಬೆರೆಸಿ ಸ್ವಲ್ಪ ಹೊತ್ತು ನೆನೆಸಿ ತಿಕ್ಕಿದರೆ ಪೊರೆ ಬಿಡುತ್ತಿತ್ತು. ಆಮೇಲೆ ಕುಡಿಯುವ ನೀರಿನ ಕ್ಯಾನಿನಿಂದಲೇ ಒಂದು ಲೋಟ ತೆಗೆದು ತೊಳೆಯತೊಡಗಿದೆ. ಅತ್ತೆ ಲೋಟ ನೋಡಿದರು. ಮರುದಿನ ಆ ಲೋಟ ಅಡಿಗೆಮನೆಯಿಂದ ಹೊರಬಿದ್ದು ದಾಸವಾಳದ ಬುಡಕ್ಕೆ ಬಂದಿತ್ತು.

ಹೀಗೆ ಅರ್ಧ ದಾರಿ ಕಳೆಯಿತು. ಹಲ್ಲು ಸರಿಯುತ್ತಿತ್ತು. ಕನ್ನಡಿ ಮುಂದೆ ನಿಂತರೆ ನನಗೇ ಗೊತ್ತಾಗುತ್ತಿತ್ತು. ಆಗ ಮಾನವಮಿ ಬಂತು.

ನಮ್ಮ ಕಡೆ ನವರಾತ್ರಿಯ ಘಟ್ಟ ಹಾಕಿ ದೇವಿಯ ಕಳಶ ಕೂರಿಸುವ ಮೊದಲು ಮನೆ ತೊಳೆಯುವುದೆಂದರೆ ಬರೀ ನೆಲ ಗೋಡೆ ಅಲ್ಲ. ಮನೆಯಲ್ಲಿ ಇದ್ದದ್ದೆಲ್ಲ ನೀರಿಗೆ ಬೀಳಬೇಕು. ಕೌದಿ, ಚಾದರ, ದಿಂಬಿನ ಚೀಲ, ಅಟ್ಟದ ಮೇಲಿನ ತಾಮ್ರ ಹಿತ್ತಾಳೆ, ಯಾರೂ ಉಡದ ಸೀರೆ, ಒಮ್ಮೆಯೂ ಬಳಸದ ಸ್ಟೀಲಿನ ಡಬ್ಬಿ, ಎಲ್ಲ. ತೊಳೆಯದೆ ಉಳಿದದ್ದು ಆ ಮನೆಯದಲ್ಲ ಎಂಬಷ್ಟು ಕಟ್ಟುನಿಟ್ಟು. ಅತ್ತೆ ಈ ವಿಷಯದಲ್ಲಿ ಹಟಮಾರಿ. ಹಿತ್ತಲಲ್ಲಿ ಒಲೆ ಹೂಡಿ ದೊಡ್ಡ ಹಂಡೆಯಲ್ಲಿ ಸೋಡಾ ಹಾಕಿದ ನೀರು ಕುದಿಸಿ, ಕೌದಿಗಳನ್ನು ಅದರಲ್ಲಿ ಮುಳುಗಿಸಿ ಕೋಲಿನಿಂದ ತಿರುವುತ್ತಾರೆ. ಪಾತ್ರೆಗಳಿಗೆ ಇನ್ನೊಂದು ಬೋಗುಣಿಯಲ್ಲಿ ಕುದಿನೀರು.

ಅಂದು ನನಗೆ ವಾರದ ರಜೆ. ನಾಷ್ಟಾಕ್ಕೆ ಅಚ್ಚು ತೆಗೆದು ಡಬ್ಬಿಗೆ ಹಾಕಿ ಕಿಟಕಿಯಲ್ಲಿಟ್ಟಿದ್ದೆ. ಬಾಯಿ ತೊಳೆದು ತೊಡಬೇಕು ಅನ್ನುವಷ್ಟರಲ್ಲಿ ಹಿಂಡಿದ ಕೌದಿ ಮಾಳಿಗೆಗೆ ಒಯ್ಯಲು ಅತ್ತೆ ಕರೆದರು. ಒದ್ದೆ ಕೌದಿಯ ಭಾರ ಹೊತ್ತವರಿಗೇ ಗೊತ್ತು. ಗಂಡನೂ ನಾನೂ ಎರಡು ತುದಿ ಹಿಡಿದು ಮೆಟ್ಟಿಲು ಹತ್ತಿದೆವು, ಹರವಿದೆವು, ಇನ್ನೊಂದಕ್ಕೆ ಇಳಿದೆವು. ಎಲ್ಲ ಮುಗಿಸಿ ಬಂದು ಕಿಟಕಿ ನೋಡಿದರೆ ಡಬ್ಬಿ ಇರಲಿಲ್ಲ. ಹಿತ್ತಲಿಗೆ ಓಡಿದೆ. ಡಬ್ಬಿ ತೊಳೆದು ಬೋರಲು ಹಾಕಿತ್ತು. ಬೋಗುಣಿಯ ಕುದಿನೀರಲ್ಲಿ ಚಮಚ, ಕೂಸಿಗೆ ಹಾಲು ಕುಡಿಸುವ ಹಳೆಯ ಒಳಲೆ, ಔಷಧ ಅಳೆಯುವ ಮುಚ್ಚಳಗಳ ನಡುವೆ ನನ್ನ ಎರಡೂ ಅಚ್ಚುಗಳು ಸುಟ್ಟ ಹಪ್ಪಳದಂತೆ ಮುದುರಿ ತೇಲುತ್ತಿದ್ದವು.

"ಏನ್ ಮಾಡೀರಿ ಅತ್ತಿಯಾರ?" ಅಂದೆ.

"ಸ್ವಚ್ಛ ಮಾಡೇನಿ ಬೇ. ಬಾಯಾಗ ಇಡೂ ಸಾಮಾನ ಐತಿ, ಹಬ್ಬಕ್ಕ ಹಂಗ ಇಡಾಕ ಬರತೈತೇನು? ಎಲ್ಲಾದ್ಕೂ ಕುದಿನೀರು, ಅದಕ್ಯಾಕ ಬ್ಯಾಡ?"

ಸಿಟ್ಟು ನೆತ್ತಿಗೇರಿತು. ಅದು ಹಾಳಾಯಿತು, ಅದರ ಜೊತೆ ನನ್ನ ಹಲ್ಲೂ ಹೋಯಿತು, ನೀವು ಮುಟ್ಟಬಾರದಿತ್ತು ಎಂದು ಕೂಗಾಡಿದೆ. ಬಸ್ಸಿನಲ್ಲಿ ತಂಟೆ ಮಾಡುವವರಿಗೆ ಎತ್ತುವ ದನಿ ಅದು. ಅತ್ತೆ ಹಿಡಿದಿದ್ದ ಕೋಲನ್ನು ಗೋಡೆಗೆ ಒರಗಿಸಿದರು. ಆಮೇಲೆ ಒಲೆಯ ಕೊಳ್ಳಿಗಳನ್ನು ಹಿಂದಕ್ಕೆಳೆದು ನೀರು ಚಿಮುಕಿಸಿ ಒಳಗೆ ಹೋದರು. ಹಂಡೆಯಲ್ಲಿ ಇನ್ನೂ ಎರಡು ಕೌದಿ ಇದ್ದವು.

ಸಿಟ್ಟು ಇಳಿದ ಮೇಲೆ ಹೊಳೆದದ್ದು ನನ್ನನ್ನು ಇನ್ನಷ್ಟು ಕಂಗೆಡಿಸಿತು. ಎಂಜಲೆಂದು ಇಷ್ಟು ತಿಂಗಳು ಹತ್ತಿರ ಸುಳಿಯದ ಹೆಂಗಸು ಅಂದು ಡಬ್ಬಿ ತೆರೆದು, ನನ್ನ ಬಾಯಿಂದ ಬಂದದ್ದನ್ನು ಬರಿಗೈಯಿಂದ ಎತ್ತಿದ್ದರು. ಮನೆಯ ಸಾಮಾನಿನ ಲೆಕ್ಕಕ್ಕೆ ಅದನ್ನೂ ಸೇರಿಸಿದ್ದರು. ಅದನ್ನು ಅವರು ಒಪ್ಪಿಕೊಂಡ ದಿನವೇ ಅದು ಹಾಳಾಗಿತ್ತು. ಯಾರ ಮೇಲೆ ಸಿಟ್ಟು ಮಾಡುವುದು?

ಡಾಕ್ಟರಮ್ಮನಿಗೆ ಫೋನು ಮಾಡಿದೆ. ಅವರು ಹಬ್ಬಕ್ಕೆ ತಮ್ಮ ಊರಿಗೆ ಹೋಗಿದ್ದರು. ಹೇಳಿದ್ದನ್ನೆಲ್ಲ ಕೇಳಿ, ಹಿಂದಿನ ಅಚ್ಚು ಇದೆಯೇ ಎಂದು ಕೇಳಿದರು. ಇದೆ ಅಂದೆ. ಈಗಲೇ ಅದನ್ನು ತೊಡಬೇಕು, ತೊಡದಿದ್ದರೆ ಹಲ್ಲುಗಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತವೆ. ತಾನು ಬರುವ ತನಕ ಹಲ್ಲು ಇದ್ದಲ್ಲೇ ನಿಂತರೆ ಮುಂದಿನ ಅಚ್ಚು ಹಾಕಿ ನೋಡಬಹುದು. ನಿಲ್ಲದಿದ್ದರೆ ಮಾಡಿಸಿಟ್ಟ ಉಳಿದ ಅಚ್ಚುಗಳೆಲ್ಲ ಕಸ, ಮತ್ತೆ ಅಳತೆಯಿಂದ ಶುರು. ಮತ್ತೆ ಅಂದರೆ ಏನು ಎಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಎರಡನೇ ಅಂಗಳ ಇರಲಿಲ್ಲ.

ಹಿಂದಿನ ಅಚ್ಚು ಕಪಾಟಿನ ಮೇಲಿನ ಬಿಸ್ಕೀಟಿನ ಡಬ್ಬಿಯಲ್ಲಿತ್ತು. ಇನ್ನು ಬೇಕಾಗದು ಎಂದು ಒಣಗಿದಂತೆಯೇ ಇಟ್ಟುಬಿಟ್ಟಿದ್ದೆ. ತೆರೆದರೆ ಹಳೆಯ ಹುಳಿ ವಾಸನೆ. ಹಲ್ಲಿನ ಗುಳಿಗಳಲ್ಲೆಲ್ಲ ಸವಳು ಸುಣ್ಣದಂತೆ ಕೂತಿತ್ತು. ಅಂಚಿನುದ್ದಕ್ಕೂ ಅರಿಶಿನದ ಹಳದಿ. ಆ ಸ್ಥಿತಿಯಲ್ಲಿ ಬಾಯಿಗೆ ಹಾಕಿಕೊಂಡರೆ ಹಲ್ಲು ಉಳಿದೀತು, ಒಸಡು ಕೊಳೆತೀತು.

ದಾಸವಾಳದ ಬುಡಕ್ಕೆ ಹೋಗಿ ಕೂತೆ. ಮೊದಲು ಕ್ಯಾನಿನ ತಣ್ಣೀರಲ್ಲಿ ನೆನೆಸಿದೆ. ನೆನೆಯುವ ತನಕ ಕೈಕಟ್ಟಿ ಕೂರುವುದೇ ಕಷ್ಟ. ಹಲ್ಲು ಆಗಲೇ ಹಿಂದಕ್ಕೆ ನಡೆಯತೊಡಗಿದೆ ಎಂದು ನಾಲಿಗೆಯಿಂದ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೆ. ಸೋಪಿನ ಹನಿ ಹಾಕಿ ಬ್ರಶ್ಶಿನಿಂದ ಒಳಗೆ ಹೊರಗೆ ತಿಕ್ಕಿದೆ. ವಾಸನೆ ಹೋಯಿತು, ಸವಳು ಜಪ್ಪಯ್ಯ ಅನ್ನಲಿಲ್ಲ. ಬಳೆಗೆ ಸಿಕ್ಕಿಸಿದ್ದ ಪಿನ್ನಿನಿಂದ ಕೆರೆದರೆ ಎರಡು ನಿಮಿಷದ ಕೆಲಸ. ಕೈ ಅದರ ಮೇಲೆಯೇ ಹೋಗುತ್ತಿತ್ತು. ಗೀರು ಬಿದ್ದರೆ ಬಿದ್ದದ್ದೇ ಎಂದು ಪಿನ್ನು ಬಿಚ್ಚಿ ಗೋಡೆಯಾಚೆ ಎಸೆದೆ. ವಿನೆಗರ್ ನೀರಲ್ಲಿ ಬೆರೆಸಿ ಅದರಲ್ಲಿ ಹಾಕಿದೆ. ತೆಗೆದು ತಿಕ್ಕಿದೆ. ಪೊರೆಯ ಒಂದು ಅಂಚು ಎದ್ದಿತು. ಮತ್ತೆ ಹಾಕಿದೆ, ಮತ್ತೆ ತಿಕ್ಕಿದೆ. ಬರುತ್ತೀಯೋ ಇಲ್ಲವೋ ನೋಡೋಣ ಎಂದು ಅದರ ಜೊತೆ ಜಗಳಕ್ಕೇ ಕೂತೆ. ಕೊನೆಗೆ ಬಾಚಿಹಲ್ಲುಗಳ ಗುಳಿಯಲ್ಲಿದ್ದ ಬಿಳುಪು ಕೂಡ ಚೂರುಚೂರಾಗಿ ನೀರಿಗೆ ಬಿತ್ತು. ಬರೀ ನೀರಲ್ಲಿ ಹುಳಿ ಹೋಗುವ ತನಕ ತೊಳೆದು ಬೆಳಕಿಗೆ ಹಿಡಿದೆ. ಹಳದಿ ಹೋಗಿರಲಿಲ್ಲ. ಇರಲಿ, ಹಳದಿಯಾದ ಮಾತ್ರಕ್ಕೆ ಹಲ್ಲು ಹಿಡಿಯುವ ಶಕ್ತಿ ಕಡಿಮೆಯೇನಾಗುವುದಿಲ್ಲ.

ತೊಟ್ಟಾಗ ಕಣ್ಣಲ್ಲಿ ನೀರು ಬಂತು. ಹಲ್ಲು ಮುಂದೆ ನಡೆದಾಗಿತ್ತು, ಅಚ್ಚು ಹಿಂದಿನದು. ಆದರೂ ಒತ್ತಿದೆ, ಕೂತಿತು.

ಅದಾದ ಮೇಲೆ ನವರಾತ್ರಿಯ ದಿನಗಳೆಲ್ಲ ಆ ಹಳದಿ ಅಚ್ಚಿನಲ್ಲೇ ಕಳೆದೆ. ಹಬ್ಬದ ಗದ್ದಲಕ್ಕೆ ಬಸ್ಸು ಹೆಂಗಸರಿಂದ ತುಂಬಿ ತುಳುಕುತ್ತಿತ್ತು. ಬಬಲೇಶ್ವರದಿಂದ ಬರುವ ಅಜ್ಜಿಯೊಬ್ಬರು ಟಿಕೆಟ್ ತೆಗೆದುಕೊಳ್ಳುತ್ತಾ ನನ್ನ ಬಾಯಿಯನ್ನೇ ನೋಡಿ, ಮದುವೆಯ ಅರಿಶಿನ ಇನ್ನೂ ತೊಳೆದುಕೊಂಡಿಲ್ಲವೇನು ಎಂದು ಕೇಳಿದರು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ಹಳದಿ ಇನ್ನಷ್ಟು ಕಂಡಿತು. ಹೋಳಿಗೆ ಬಂತು, ಕರ್ಚಿಕಾಯಿ ಬಂತು, ಊಟದ ಹೊತ್ತಿಗೆ ಬಿಟ್ಟು ಯಾವುದಕ್ಕೂ ಬಾಯಿ ತೆರೆಯಲಿಲ್ಲ. ಒಮ್ಮೆ ಉಂಡು, ಒಮ್ಮೆ ತೊಳೆದು, ತೊಟ್ಟರೆ ಮುಗಿಯಿತು.

ಮನೆಯಲ್ಲಿ ಬೇರೊಂದು ನಡೆದಿತ್ತು. ಅತ್ತೆ ನನ್ನ ಸಾಮಾನು ಮುಟ್ಟುವುದನ್ನು ಬಿಟ್ಟಿದ್ದರು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಿತ್ತು, ನಾವಿಬ್ಬರೂ ಜಗಳದಲ್ಲಿ ಪಳಗಿದವರೇ. ಅವರು ಹೆದರಿದ್ದರು. ನನ್ನ ಬುತ್ತಿ ಅವರೇ ಕಟ್ಟುತ್ತಿದ್ದರು, ಈಗ ರೊಟ್ಟಿ ಪಲ್ಯ ಮುಂದಿಟ್ಟು ನೀನೇ ಕಟ್ಟಿಕೋ ಅನ್ನುತ್ತಿದ್ದರು. ಒಣಗಿದ ಬಟ್ಟೆಗಳಲ್ಲಿ ಎಲ್ಲರದೂ ಮಡಚಿ ನನ್ನ ಖಾಕಿ ಮಾತ್ರ ಹಗ್ಗದ ಮೇಲೆ ಬಿಡುತ್ತಿದ್ದರು. ದಾಸವಾಳದ ಕಡೆ ಹೂವು ಕೊಯ್ಯಲು ಕೂಡ ಹೋಗುತ್ತಿರಲಿಲ್ಲ. ದಸರೆಯ ಸಂಜೆ ಬನ್ನಿ ಕೊಟ್ಟು, ಬಂಗಾರದಂಗ ಇರೂಣ್ರಿ ಎಂದು ಕಾಲು ಮುಟ್ಟಿದೆ. ತಲೆಯ ಮೇಲೆ ಕೈಯಿಡಲು ಬಂದವರು ಅರ್ಧದಲ್ಲೇ ಹಿಂದೆ ತೆಗೆದುಕೊಂಡರು. ಅದು ನನಗೆ ಹಲ್ಲಿನ ನೋವಿಗಿಂತ ಹೆಚ್ಚು ನೋಯಿತು. ಹಲ್ಲು ಉಳಿದರೆ ತಾನೇ ಸರಿಹೋಗುತ್ತದೆ, ಹೋದರೆ ಏನು ಹೇಳಿದರೂ ಸರಿಹೋಗುವುದಿಲ್ಲ ಎಂದು ಮನಸ್ಸು ಗಟ್ಟಿಮಾಡಿಕೊಂಡು ಇನ್ನಷ್ಟು ಬಿಗಿಯಾಗಿ ಅಚ್ಚು ಒತ್ತಿಕೊಳ್ಳುತ್ತಿದ್ದೆ.

ಡಾಕ್ಟರಮ್ಮ ಬಂದ ದಿನ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಹೋದೆ. ಹಳದಿ ಅಚ್ಚು ತೆಗೆದು ಕೈಯಲ್ಲಿ ತಿರುಗಿಸಿ ನೋಡಿದರು. ಇಷ್ಟು ಹಳೆಯದು ಇಷ್ಟು ಸ್ವಚ್ಛ ಹೇಗೆ ಎಂದು ಕೇಳಿದರು. ಗೋಬಿ ಮಂಚೂರಿಯ ಕೃಪೆ ಅಂದೆ. ಮುಂದಿನ ಅಚ್ಚು ತೆಗೆದು ಬಾಯಿಗೆ ಹಾಕಿ ಒತ್ತಿದರು. ಕೆಳಗಿನದು ಕೂತಿತು. ಮೇಲಿನದು ಎಲ್ಲ ಹಲ್ಲಿಗೂ ಕೂತು, ಪೆಟ್ಟು ಬಿದ್ದ ಆ ಒಂದರ ಹತ್ತಿರ ಉಗುರಿನಂಚಿನಷ್ಟು ಎದ್ದು ನಿಂತಿತು. ಅವರು ಕನ್ನಡಿ ತಿರುಗಿಸಿ ತಿರುಗಿಸಿ ನೋಡಿದರು.

"ಹಲ್ಲು ನಿಂತೈತ್ರಿ. ಒಂದೀಟ ಸರಿದೈತಿ, ಖರೆ ಕೈ ಬಿಟ್ಟಿಲ್ಲ," ಅಂದರು. ದಿನಕ್ಕೆ ನಾಲ್ಕೈದು ಸಲ ಆ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು, ನೋಯುತ್ತದೆ, ಆದರೂ ಬಿಡಬಾರದು, ಆಗ ಕೂರುತ್ತದೆ. ಆಮೇಲೆ ಬೆರಳೆತ್ತಿ ಎಚ್ಚರಿಸಿದರು. ಇನ್ನು ಹಿಂದಿನ ಅಚ್ಚಿನ ಆಸರೆ ಇಲ್ಲ, ಅದರ ಅಳತೆ ದಾಟಿಯಾಯಿತು. ಈಗ ಬಾಯಲ್ಲಿರುವುದು ಹಾಳಾದರೆ ಹಲ್ಲು ಹಿಡಿಯಲು ತನ್ನ ಹತ್ತಿರ ಏನೂ ಇಲ್ಲ. ಮನೆಯವರ ಕೈಗೆ ಮಾತ್ರ ಕೊಡಬೇಡಿ ಅಂದರು. ತಲೆಯಾಡಿಸಿದೆ.

ಅಥಣಿ ರಸ್ತೆಯ ಆಟೋದಲ್ಲಿ ಕೂತು ಬರುವಾಗ ದಾರಿಯುದ್ದಕ್ಕೂ ಆ ಕೊನೆಯ ಮಾತೇ ಕಿವಿಯಲ್ಲಿತ್ತು. ಕೊಡಬಾರದು ನಿಜ. ಡಬ್ಬಿಗೆ ಬೀಗ ಹಾಕಿದರೆ ಹಲ್ಲು ಭದ್ರ. ಆದರೆ ಆ ಬೀಗ ನೋಡಿದ ದಿನ ನಮ್ಮ ಅತ್ತೆ ಈ ಜನ್ಮದಲ್ಲಿ ಮತ್ತೆ ನನ್ನ ಒಂದು ಕುಪ್ಪಸವನ್ನೂ ಮಡಚುವುದಿಲ್ಲ. ಡಾಕ್ಟರಮ್ಮನಿಗೆ ಹಲ್ಲು ಗೊತ್ತು, ನಮ್ಮ ಅತ್ತೆ ಗೊತ್ತಿಲ್ಲ. ಮನೆ ಮುಟ್ಟುವ ಹೊತ್ತಿಗೆ ನಿರ್ಧಾರ ಮಾಡಿಯಾಗಿತ್ತು.

ಅತ್ತೆ ಹಿತ್ತಲ ಕಟ್ಟೆಯ ಮೇಲೆ ಕೂತು ಮೆಂತ್ಯ ಸೋಸುತ್ತಿದ್ದರು. ಡಾಕ್ಟರು ಏನಂದರು ಎಂದು ಕೇಳಲಿಲ್ಲ, ಸೊಪ್ಪಿನ ಮೇಲಿನ ಕಣ್ಣೂ ತೆಗೆಯಲಿಲ್ಲ. ಕೇಳಲು ಹೆದರಿಕೆ. ಹಲ್ಲು ನಿಂತಿದೆ, ಒಂದು ಹಲ್ಲಿನ ಹತ್ತಿರ ಮಾತ್ರ ಅಚ್ಚು ಪೂರ್ತಿ ಕೂತಿಲ್ಲ, ಬೆರಳಿನಿಂದ ಒತ್ತಬೇಕಂತೆ ಅಂದೆ. ಅವರ ಬೆರಳು ತಡೆದವು, ಮತ್ತೆ ಸೋಸತೊಡಗಿದವು. ಕೈಕಾಲು ತೊಳೆದುಕೊಂಡು, ಉಂಡು, ಬಾಯಿ ತೊಳೆದು ಬಂದೆ. ಕ್ಯಾನಿನ ನೀರನ್ನು ಬಟ್ಟಲಿಗೆ ಬಗ್ಗಿಸಿದೆ, ಸೋಪಿನ ಹನಿ ಬಿಟ್ಟೆ. ಹೊಸ ಅಚ್ಚನ್ನು ಡಬ್ಬಿಯಿಂದ ತೆಗೆದು ಅವರ ಮುಂದೆ ಹಿಡಿದೆ. ತೊಳೆದು ಕೊಡ್ರಿ ಅಂದೆ.

ಅತ್ತೆ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡರು.

"ಬ್ಯಾಡ ಬೇ. ನನ್ನ ಕೈ ಸರಿ ಇಲ್ಲ. ಮತ್ತ ಏನರ ಆದೀತು."

"ನಿಮ್ಮ ಕೈ ಸರಿ ಅದಾವ್ರಿ ಅತ್ತಿಯಾರ. ನೀರು ಬಿಸಿ ಇತ್ತು, ಅಷ್ಟ."

ಅವರು ನನ್ನ ಮುಖ ನೋಡಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಬಟ್ಟಲಿಗೆ ಬೆರಳದ್ದಿದರು. ಸಾಲದೆಂದು ನನ್ನ ಬೆರಳನ್ನೂ ಹಿಡಿದು ಅದ್ದಿಸಿದರು. ತಣ್ಣಗಿದೆಯಲ್ಲ ಎಂದು ಕೇಳಿದರು, ಹೂಂ ಅಂದ ಮೇಲೂ ಇನ್ನೊಮ್ಮೆ ಕೇಳಿದರು. ಅಚ್ಚನ್ನು ಅಂಗೈಯಲ್ಲಿಟ್ಟುಕೊಂಡು ಬ್ರಶ್ಶಿನಿಂದ ಒಂದೊಂದೇ ಹಲ್ಲಿನ ಗುಳಿಯನ್ನು ತಿಕ್ಕಿದರು, ಎಳೆಗೂಸಿನ ಬಾಯಿ ಒರೆಸುವಷ್ಟು ಮೆಲ್ಲಗೆ. ಬೇರೆ ನೀರಲ್ಲಿ ಜಾಲಿಸಿದರು. ಎತ್ತಿ ಬೆಳಕಿಗೆ ಹಿಡಿದು, ಯಾವುದು ಕೂತಿಲ್ಲ ಎಂದು ಕೇಳಿದರು. ತೋರಿಸಿದೆ.

ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. "ಬಾಯಿ ತಗಿ," ಅಂದರು.

ತೆರೆದೆ. ಅಚ್ಚನ್ನು ಅವರೇ ಹಲ್ಲಿನ ಸಾಲಿಗೆ ಹೊಂದಿಸಿ, ಪೆಟ್ಟು ಬಿದ್ದ ಹಲ್ಲಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಬೆರಳಿಗೆ ಮೆಂತ್ಯದ ಕಹಿ ಇತ್ತು. ನೋಯುತ್ತದೇನು ಎಂದು ಕೇಳಿದರು. ತಲೆಯವರೆಗೂ ನೋಯುತ್ತಿತ್ತು. ಇಲ್ಲವೆಂದು ಕತ್ತು ಆಡಿಸಿದೆ, ಇನ್ನೂ ಒತ್ತಲಿ ಎಂದು ಬಾಯಿ ಇನ್ನಷ್ಟು ಅಗಲ ಮಾಡಿದೆ.